ಜವರಯ್ಯನವರ ಹಾಡಿನ ಪರ ಮತ್ತು ವಿರೋಧ

ಮೊನ್ನೆ ಹಳೆಯ ಕನ್ನಡಕದ ಪೆಟ್ಟಿಗೆಯನ್ನು ಒರೆಸುತ್ತಿದ್ದಾಗ ಅದರೊಳಗಿನ ಮಖಮಲ್ಲಿನ ಕೆಳಗಿನಿಂದ ನಾಲ್ಕು ಮಡಿಕೆಯ ಒಂದು ಚೀಟಿ ಜಾರಿ ಬಿತ್ತು. ಬಿಡಿಸಿದರೆ ನನ್ನದೇ ದುಂಡಗಿನ ಅಕ್ಷರದಲ್ಲಿ ‘ಪರ’ ಎಂಬ ಒಂದೇ ಪದ. ಯಾವುದರ ಪರ, ಯಾರ ಪರ ಎಂಬ ವಿವರವೇನೂ ಇರಲಿಲ್ಲ. ಬೇರೆಯವರ ಮನೆಗಳಲ್ಲಿ ಔಷಧದಂಗಡಿಯ ರಸೀದಿಗಳು ಸಿಗುವಂತೆ ನಮ್ಮ ಮನೆಯಲ್ಲಿ ಇಂಥ ಚೀಟಿಗಳು ಸಿಗುತ್ತವೆ. ನನ್ನ ಯಜಮಾನರಾದ ಶ್ರೀಕಂಠಯ್ಯನವರು ಪತ್ರಿಕೆಯಿಂದ ತಲೆಯೆತ್ತದೆಯೇ, ಹೋದ ವರ್ಷ ಸಂಪಿನ ಮುಚ್ಚಳಕ್ಕೆ ಬಣ್ಣ ಹೊಡೆಸಬೇಕೇ ಬೇಡವೇ ಎಂದು ಚರ್ಚೆ ಏರ್ಪಡಿಸಿದ್ದೆಯಲ್ಲ, ಆಗಿನದಿರಬೇಕು ಎಂದು ಊಹಿಸಿದರು. ಅದು ಆಗಿನದಲ್ಲ. ಅದು ಯಾವಾಗಿನದೆಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರಿಂದಲೇ ಅದನ್ನು ಅವರಿಗೆ ತೋರಿಸದೆ ಮತ್ತೆ ಮಡಿಸಿದೆ.

ಓದುಗರಲ್ಲಿ ಮೊದಲೇ ನಿವೇದಿಸಿಕೊಳ್ಳಬೇಕಾದ ಸಂಗತಿಯೆಂದರೆ, ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಕೆಲವರು ಅಜ್ಜಿಯ ಕೈತುತ್ತಿನಲ್ಲಿ ಬೆಳೆಯುತ್ತಾರೆ, ನಾನು ಏಳು ನಿಮಿಷಗಳ ಕಾಲಮಿತಿಯಲ್ಲಿ ಬೆಳೆದೆ. ಕಾಲೇಜಿನಲ್ಲಿ ನಮಗೆ ಚರ್ಚೆ ಕಲಿಸಿದ ಮೇಷ್ಟ್ರು ಎರಡು ಸೂತ್ರಗಳನ್ನು ಹೇಳಿಕೊಟ್ಟಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಲಾರದವನಿಗೆ ತನ್ನ ವಾದವೂ ತಿಳಿದಿರುವುದಿಲ್ಲ ಎಂಬುದು ಒಂದು. ಯಾವ ಮಾತಿಗೂ ಮೂರು ಆಧಾರಗಳಿರಬೇಕು, ಎರಡಿದ್ದರೆ ಅದು ಗೊಣಗಾಟ ಎಂಬುದು ಇನ್ನೊಂದು. ಈ ಎರಡು ಸೂತ್ರಗಳನ್ನು ಹಿಡಿದು ನಾನು ನಾಲ್ಕು ಷೀಲ್ಡುಗಳನ್ನು ಗೆದ್ದೆ. ಆಮೇಲೆ ಇದೇ ಊರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕಿಯಾಗಿ ಮೂವತ್ತು ವರ್ಷ ದುಡಿದೆ. ಸಮಾಜವನ್ನು ತಿದ್ದಬಹುದು, ತಿದ್ದಲೇಬೇಕು, ಅದಕ್ಕೆ ಮೊದಲು ಒಂದು ಸಭೆ ಕರೆಯಬೇಕು ಎಂಬ ನಂಬಿಕೆ ಇಂದಿಗೂ ನನ್ನಲ್ಲಿ ಸಡಿಲವಾಗಿಲ್ಲ.

ಈ ನಂಬಿಕೆ ನನಗೆ ಸುಖವನ್ನೇ ತಂದಿದೆ ಎನ್ನಲಾರೆ. ನನ್ನನ್ನು ನೋಡಲು ಗಂಡಿನವರು ಬಂದ ದಿನ, ರೂಢಿಯಂತೆ ಒಂದು ಹಾಡು ಹೇಳಮ್ಮ ಎಂದು ಭಾವೀ ಅತ್ತೆಯವರು ಕೇಳಿದರು. ನನಗೆ ಹಾಡಲು ಬರುತ್ತಿರಲಿಲ್ಲ. ಬದಲಿಗೆ ಎದ್ದು ನಿಂತು, ಅಲ್ಲಿದ್ದವರಲ್ಲಿ ಹಿರಿಯರಾಗಿ ಕಂಡ ಭಾವೀ ಮಾವನವರನ್ನು ಮಾನ್ಯ ಅಧ್ಯಕ್ಷರೇ ಎಂದು ಸಂಬೋಧಿಸಿ, ವರದಕ್ಷಿಣೆಯೆಂಬ ಪಿಡುಗಿನ ವಿರುದ್ಧ ಏಳು ನಿಮಿಷ ಮಾತನಾಡಿದೆ. ನಮ್ಮ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಮುಗಿಸಿದ ಮೇಲೆ ಮಾವನವರು ಗಂಟಲು ಸರಿಪಡಿಸಿಕೊಂಡು ಹೇಳಿದ್ದು ಒಂದೇ ಮಾತು: “ನಾವು ಕೇಳೇ ಇಲ್ವಲ್ಲಮ್ಮ.” ಆ ಮಾತಿಗೆ ನನ್ನಲ್ಲಿ ಖಂಡನೆ ಸಿದ್ಧವಿರಲಿಲ್ಲ. ಆದ್ದರಿಂದಲೇ ಮದುವೆಯಾಯಿತು.

ಸಂಗೀತಕ್ಕೂ ನನಗೂ ಇದ್ದ ದೂರ ಇಷ್ಟು. ಆದರೆ ಮದುವೆಯ ಬ್ಯಾಂಡಿಗೂ ನನಗೂ ಅಷ್ಟು ದೂರವಿರಲಿಲ್ಲ. ಅರಮನೆಯ ದಫ್ತರದಲ್ಲಿ ಕೆಲಸಕ್ಕಿದ್ದ ನಮ್ಮ ತಾತನ ಮನೆಯ ಎದುರಿಗೇ ಒಂದು ಛತ್ರವಿತ್ತು. ವರಪೂಜೆಯ ಮೆರವಣಿಗೆ ನಮ್ಮ ಮಹಡಿಯ ಕಿಟಕಿಯ ಕೆಳಗೆ ನಿಲ್ಲುತ್ತಿತ್ತು. ಆನೆಯ ಕಿವಿಯಂಥ ಬಾಯಿ ಮೇಲ್ಮುಖವಾಗಿ ತೆರೆದ ಹಿತ್ತಾಳೆಯ ವಾದ್ಯವೊಂದು ಕಿಟಕಿಗೆ ಎಟಕುವಂತೆ ಬಂದು ನಿಂತರೆ, ಕೈಯಲ್ಲಿ ಕಡಲೆಪುರಿ ಇರುವ ಏಳು ವರ್ಷದ ಹುಡುಗಿ ಏನು ಮಾಡಬೇಕು? ನಾನು ಒಂದು ಹಿಡಿ ಸುರಿದೆ. ಮುಂದಿನ ಸ್ವರಕ್ಕೆ ಆ ಕಡಲೆಪುರಿಯೆಲ್ಲ ಹಾರಿ ಮದುಮಗನ ಪೇಟದ ಮೇಲೆ ಅಕ್ಷತೆಯಂತೆ ಉದುರಿತು. ಅದನ್ನು ಶುಭಶಕುನವೆಂದು ಕೆಲವರೂ ಅಪಶಕುನವೆಂದು ಕೆಲವರೂ ಅಲ್ಲೇ ವಾದಿಸತೊಡಗಿದರು. ನಾನು ಕೇಳಿದ ಮೊದಲ ಚರ್ಚಾಸ್ಪರ್ಧೆ ಅದೇ ಇರಬೇಕು.

ಈಗ ದಟ್ಟಗಳ್ಳಿಯ ನಮ್ಮ ಬಡಾವಣೆಗೆ ಬರುತ್ತೇನೆ. ನಾಲ್ಕು ವರ್ಷದ ಹಿಂದೆ ನಮ್ಮ ಪಾರ್ಕಿನ ಒಂದು ಸಮಾರಂಭಕ್ಕೆ, ಬರಬೇಕಾಗಿದ್ದ ವಾದ್ಯಗೋಷ್ಠಿಯವರು ಕೈಕೊಟ್ಟಿದ್ದರಿಂದ, ‘ಎಡಪೆಟ್ಟು’ ಎಂಬ ಹೆಸರಿನ ಒಂದು ಬ್ಯಾಂಡು ಬಂತು. ಅದರಲ್ಲಿ ಆರು ಜನ. ಡ್ರಮ್ಮು, ಗಿಟಾರು, ಬೇಸ್ ಗಿಟಾರು ಹಿಡಿದ ಮೂವರು ಪಕ್ಕದ ಬೋಗಾದಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದ ಯುವಕರು. ಟ್ರಂಪೆಟ್, ಸ್ಯಾಕ್ಸೊಫೋನ್, ಕೊಳವೆ ಎಳೆದು ಊದುವ ಟ್ರಾಂಬೋನ್ ಹಿಡಿದ ಮೂವರು ಊರಿನ ಆಚೆ ತುದಿಯ ಕೆಸರೆಯ ಮದುವೆ ಬ್ಯಾಂಡಿನ ಹಿರಿಯರು. ಅವರು ನುಡಿಸಿದ್ದು ಸ್ಕಾ ಮತ್ತು ರೆಗೇ. ಸ್ಕಾ ಎಂಬುದು ಜಮೈಕಾ ದ್ವೀಪದಲ್ಲಿ ಹುಟ್ಟಿದ ಸಂಗೀತ, ರೆಗೇ ಅದರ ನಿಧಾನಸ್ಥ ತಮ್ಮ. ನಾವು ಭಜನೆಯಲ್ಲಿ ಚಪ್ಪಾಳೆ ತಟ್ಟುತ್ತೇವಲ್ಲ, ಆ ಎರಡು ಚಪ್ಪಾಳೆಗಳ ನಡುವೆ ಕೈಗಳು ಬೇರೆಯಾಗಿ ನಿಂತಿರುವ ಒಂದು ಕ್ಷಣವಿದೆ. ಸರಿಯಾಗಿ ಅಲ್ಲಿಗೆ ಗಿಟಾರು ಚಕ್ ಎಂದು ಬೀಳುತ್ತದೆ. ಹೀಗೆ ಬೀಳುವುದರಿಂದ ಕಾಲು ತನ್ನಷ್ಟಕ್ಕೆ ಎದ್ದುಬಿಡುತ್ತದೆ. ನಮ್ಮ ಬಡಾವಣೆಯಲ್ಲಿ ಮಂಡಿನೋವಿಲ್ಲದವರು ಕಡಿಮೆ. ಆ ಸಂಜೆ ಅವರಲ್ಲಿ ಅರ್ಧ ಜನ ಕುಣಿದರು.

ನಾನು ಕುಣಿಯಲಿಲ್ಲ. ನಾನು ತತ್ತ್ವದ ದೃಷ್ಟಿಯಿಂದ ಮೆಚ್ಚಿಕೊಂಡೆ. ಬೋಗಾದಿಯ ಬಾಡಿಗೆದಾರರೂ ಕೆಸರೆಯ ಕಸುಬುದಾರರೂ ಒಂದೇ ವೇದಿಕೆಯಲ್ಲಿ. ಸಿಟಿ ಬಸ್ಸಿನ ಹಿಂದಿನ ಸೀಟು, ಕಾಣೆಯಾದ ಫುಟ್‌ಪಾತು, ಕೆರೆಯ ದುರ್ನಾತ ಇವೇ ಹಾಡಿನ ವಸ್ತು. ಸಮಾಜ ಹೀಗಿರಬೇಕೆಂದು ನಾನು ಮೂವತ್ತು ವರ್ಷ ಪಾಠ ಹೇಳಿದ್ದೆ. ಅದು ಕಹಳೆ ಹಿಡಿದು ನನ್ನ ಮನೆಯ ಮುಂದೆಯೇ ಬಂದು ನಿಂತಂತಾಗಿತ್ತು. ಮರುವಾರವೇ ಒಂದು ಅಭಿಮಾನಿ ಬಳಗವನ್ನು ಸ್ಥಾಪಿಸಿದೆ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯ ಮಹಡಿಯಲ್ಲಿ ಸಭೆ, ಸದಸ್ಯರು ಸುಮಾರು ಇಪ್ಪತ್ತು, ಅಧ್ಯಕ್ಷೆ ನಾನು. ಚುನಾವಣೆ ನಡೆಸಿದ್ದೆ. ಬೇರೆ ಯಾರೂ ನಿಲ್ಲಲಿಲ್ಲ.

ಕಳೆದ ವರ್ಷ ಎಡಪೆಟ್ಟಿನ ಎರಡನೆಯ ಆಲ್ಬಮ್ ‘ನಿಧಾನಕ್ಕೆ ಬನ್ನಿ’ ಹೊರಬಂದಾಗ ಬಳಗ ಇಬ್ಭಾಗವಾಯಿತು. ಮೊದಲ ಆಲ್ಬಮ್ ಪೂರ್ತಿ ವೇಗದ ಸ್ಕಾ. ಇದು ಬಹುಮಟ್ಟಿಗೆ ರೆಗೇ. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ರಂಗನಾಥರಾಯರು, ಇದು ಆಲ್ಬಮ್ಮೋ ಜೋಗುಳವೋ ಸ್ಪಷ್ಟಪಡಿಸಿ ಎಂದರು. ಹಳೆಯದು ಒರಟಾಗಿ ರೆಕಾರ್ಡ್ ಆಗಿತ್ತು, ಅದೇ ಅದರ ಚೆಂದ, ಇದನ್ನು ಇಸ್ತ್ರಿ ಮಾಡಿಬಿಟ್ಟಿದ್ದಾರೆ ಎಂದು ಒಬ್ಬರ ದೂರು. ಬೋಗಾದಿಯಿಂದ ಬರುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರಿಗೆ ಬೇಸ್ ತುಂಬಾ ಹಿಡಿಸಿತ್ತು. ಕುಣಿಯಲು ಹೋದರೆ ಮಾತ್ರ ಕಾಲು ಕಾಯುತ್ತಾ ನಿಲ್ಲುತ್ತದೆ ಎಂದರು. ಯೋಗ ಕಲಿಸುವವರೊಬ್ಬರು ಮೂರನೆಯ ಹಾಡನ್ನು ಶವಾಸನಕ್ಕೆ ಬಳಸತೊಡಗಿ, ಶಿಷ್ಯರು ಏಳುತ್ತಿಲ್ಲವೆಂದು ವರದಿ ಮಾಡಿದರು. ಮುಖಪುಟದ ಚಿತ್ರದಲ್ಲಿರುವ ಬಸ್ಸಿಗೆ ನಂಬರು ಬರೆದಿಲ್ಲ, ಅದು ಯಾವ ಮಾರ್ಗದ್ದೆಂದು ತಿಳಿಯದೆ ಹಾಡಿನೊಳಗೆ ಹೋಗುವುದು ಹೇಗೆಂದು ಇನ್ನೊಬ್ಬರು ಕೇಳಿದರು. ನಮ್ಮ ಯಜಮಾನರ ವಿಮರ್ಶೆ ಚಿಕ್ಕದು: ಪಾತ್ರೆ ತೊಳೆಯಲು ಹಳೆಯ ಆಲ್ಬಮ್ ಒಳ್ಳೆಯದು, ಒರೆಸಲು ಹೊಸದು.

ಈ ಗದ್ದಲದ ನಡುವೆ ಕೊನೆಯ ಹಾಡು ‘ಕೊನೇ ಪಂಕ್ತಿ’ಯ ಬಗ್ಗೆ ಮಾತ್ರ ಎಲ್ಲರೂ ದನಿ ತಗ್ಗಿಸಿ ಮಾತನಾಡುತ್ತಿದ್ದರು. ಅದನ್ನು ಹಾಡಿದವರು ಟ್ರಾಂಬೋನಿನ ಜವರಯ್ಯನವರು. ಮೂವತ್ತೈದು ವರ್ಷ ಮದುವೆಗಳಲ್ಲಿ ಊದಿದ ಅವರು ಒಮ್ಮೆಯೂ ಬಾಯಿ ತೆರೆದು ಹಾಡಿದವರಲ್ಲ. ಮದುವೆಯಲ್ಲಿ ಎಲ್ಲರ ಊಟವಾದ ಮೇಲೆ ಬ್ಯಾಂಡಿನವರು ಊಟಕ್ಕೆ ಕೂರುವುದೇ ಆ ಹಾಡಿನ ವಸ್ತು. ಬೋಗಾದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿರುವ ಮಂಜುಳಾ, ಜವರಯ್ಯನವರ ಟ್ರಾಂಬೋನಿಗೆ ನಮ್ಮಲ್ಲೆಲ್ಲ ದೊಡ್ಡ ಅಭಿಮಾನಿ, ಆ ಹಾಡನ್ನು ಮೊದಲ ಸಲ ಕೇಳಿದಾಗ ಹೊಲಿಗೆ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟಳಂತೆ.

ಬ್ಯಾಂಡಿನ ಬೇಸ್ ವಾದಕನಾದ ವಿನಯ್ ಒಂದು ದಿನ ನಮ್ಮ ಮನೆಗೆ ಬಂದ. ಮೂರು ವಾರಗಳ ನಂತರ ಊರಿನ ಒಂದು ಬಯಲು ರಂಗಮಂದಿರದಲ್ಲಿ ಹೊಸ ಆಲ್ಬಮ್ಮಿನ ಕಾರ್ಯಕ್ರಮವಿತ್ತು. ಆದರೆ ಜವರಯ್ಯನವರು ಪಟ್ಟು ಹಿಡಿದಿದ್ದರು. ಕೋಣೆಯೊಳಗೆ ಕಿವಿಗೆ ಯಂತ್ರ ಹಾಕಿಕೊಂಡು ಹಾಡಿದ್ದು ಬೇರೆ, ಜನರ ಎದುರು ಹಾಡುವುದು ಬೇರೆ. ಕೇಳಿದವರು ಏನಂತಾರೋ ತಿಳಿಯದೆ ವೇದಿಕೆಯಲ್ಲಿ ಬಾಯಿ ತೆರೆಯುವುದಿಲ್ಲ ಎಂದುಬಿಟ್ಟಿದ್ದರು. “ಎಲ್ರ ಅಭಿಪ್ರಾಯನೂ ಒಂದ್ಸಲ ರೆಕಾರ್ಡ್ ಮಾಡಿ ಕಳ್ಸಿಬುಡಿ ಮೇಡಂ,” ಎಂದ ವಿನಯ್. “ಚೆನ್ನಾಗಿದೆ ಅಂತ ನಾಲ್ಕು ಜನ ಅಂದ್ರೆ ಸಾಕು, ಅವರು ಹಾಡ್ತಾರೆ.”

ಇಷ್ಟೇ ಕೆಲಸ. ಒಂದು ಮೊಬೈಲು ಹಿಡಿದು ನಾಲ್ಕು ಜನರ ಮುಂದೆ ನಿಂತಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಬರಿಯ ಹೊಗಳಿಕೆಯಿಂದ ಕಲಾವಿದನಿಗೆ ಏನು ಪ್ರಯೋಜನ? ಅಭಿಪ್ರಾಯವೆಂಬುದು ಎರಡೂ ಕಡೆಯ ವಾದಗಳನ್ನು ಕಡೆದಾಗ ಮೇಲೆ ಬರುವ ಬೆಣ್ಣೆಯಲ್ಲವೇ? ನಾನು ಆ ಭಾನುವಾರವೇ ವಿಷಯವನ್ನು ಘೋಷಿಸಿದೆ: ‘ಕೊನೇ ಪಂಕ್ತಿ ಹಾಡು ಎಡಪೆಟ್ಟು ಬ್ಯಾಂಡಿನ ಪ್ರಗತಿಯ ಲಕ್ಷಣ.’ ಆರು ಚೀಟಿಗಳು, ಮೂರು ಪರ, ಮೂರು ವಿರೋಧ. ಯಾರು ಯಾವ ಕಡೆ ಎಂಬುದನ್ನು ಚೀಟಿಯೇ ನಿರ್ಧರಿಸಬೇಕು, ಮನಸ್ಸಲ್ಲ. ತಯಾರಿಗೆ ಒಂದು ವಾರ. ಪ್ರತಿಯೊಬ್ಬರಿಗೂ ಮೂರು ಆಧಾರಗಳು ಕಡ್ಡಾಯ. ಪರವಾಗಿ ಮಾತನಾಡಬೇಕಿದ್ದ ಒಬ್ಬರು ಬೀಗರ ಮನೆಗೆ ಹೋಗಬೇಕೆಂದು ತಮ್ಮ ಚೀಟಿಯನ್ನು ನನಗೇ ವಾಪಸು ಕೊಟ್ಟರು. ಮೊನ್ನೆ ಕನ್ನಡಕದ ಪೆಟ್ಟಿಗೆಯಿಂದ ಬಿದ್ದದ್ದು ಅದು. ನಿಧಾನದ ಹಾಡುಗಳನ್ನು ಕಂಡರಾಗದ ರಂಗನಾಥರಾಯರಿಗೆ ‘ಪರ’ ಬಂತು. ಮಂಜುಳಾಗೆ ‘ವಿರೋಧ’ ಬಂತು. ಅವಳು ಚೀಟಿಯನ್ನು ಎರಡು ಸಲ ತಿರುವಿ ನೋಡಿದಳು. ನಾನು ಅವಳ ಬೆನ್ನು ತಟ್ಟಿ ಮೇಷ್ಟ್ರ ಮೊದಲ ಸೂತ್ರವನ್ನು ಹೇಳಿದೆ.

ಚರ್ಚೆ ಅದ್ಭುತವಾಗಿ ನಡೆಯಿತು ಎಂದು ಇಂದಿಗೂ ಹೇಳುತ್ತೇನೆ. ರಾಯರು ಟಿಪ್ಪಣಿ ಪುಸ್ತಕದ ಮೂರು ಪುಟಗಳನ್ನು ಓದಿ, ಸದರಿ ಹಾಡಿನ ನಿಧಾನಗತಿಯು ಶ್ಲಾಘನೀಯವೆಂದೂ ಸದರಿ ಗಾಯಕರು ಅಭಿನಂದನಾರ್ಹರೆಂದೂ ತಿಳಿಸಿದರು. ಕೇಳಿದವರಿಗೆ ಯಾರೋ ನಿವೃತ್ತರಾಗುತ್ತಿದ್ದಾರೆ ಅನ್ನಿಸಿತು. ಆಮೇಲೆ ಮಂಜುಳಾ ಎದ್ದಳು. ಎರಡನೆಯ ಚರಣದಲ್ಲಿ ಗಾಯಕರು ಪದದ ನಡುವೆ ಉಸಿರು ತೆಗೆಯುತ್ತಾರೆ, ತುಂಡಾದ ಪದ ಕೇಳುವವರ ಕೈಯಲ್ಲಿ ಉಳಿಯುತ್ತದೆ ಎಂದಳು. ಅವರದೇ ಟ್ರಾಂಬೋನು ಅವರದೇ ದನಿಯ ಮೇಲೆ ಬಿದ್ದು ಮುಚ್ಚುತ್ತದೆ ಎಂದಳು. ತೋಳು ಚೆನ್ನಾಗಿದೆ ಎಂದು ಇಡೀ ರವಿಕೆ ಚೆನ್ನಾಗಿದೆ ಎನ್ನಲಾಗದು ಎಂದಳು. ಕೊನೆಗೆ ಒಂದು ಕ್ಷಣ ನಿಂತು, ಊದುವವರು ಊದಲಿ, ಹಾಡುವುದು ಬೇಡ ಎಂದು ಮುಗಿಸಿದಳು. ಮಹಡಿಯೇ ಹಾರಿಹೋಗುವಂತೆ ಚಪ್ಪಾಳೆ. ನಾನು ಅಧ್ಯಕ್ಷ ಪೀಠದಿಂದ, ವಿರೋಧ ಪಕ್ಷ ಗೆದ್ದಿದೆಯೆಂದು ಸಾರಿ, ಮಂಜುಳಾಗೆ ಉತ್ತಮ ವಾಗ್ಮಿ ಪ್ರಶಸ್ತಿಯಾಗಿ ಒಂದು ಸ್ಟೀಲ್ ಡಬ್ಬಿ ಕೊಟ್ಟೆ. ಇಡೀ ಕಲಾಪವನ್ನು ಯಜಮಾನರು ಮೊಬೈಲಿನಲ್ಲಿ ಹಿಡಿದರು. ಅದೇ ಸಂಜೆ, ಒಂದು ಸಾಲಿನ ವಿವರಣೆಯೂ ಇಲ್ಲದೆ, ನಾನದನ್ನು ವಿನಯ್‌ಗೆ ಕಳಿಸಿದೆ. ವಿನಯ್, ಮೇಡಂ ಕಳಿಸಿದ್ದಲ್ಲವೇ ಎಂಬ ಗೌರವದಿಂದ, ತಾನೂ ಕೇಳದೆ ಜವರಯ್ಯನವರಿಗೆ ಕಳಿಸಿದ.

ಬುಧವಾರ ವಿನಯ್ ಫೋನು ಮಾಡಿದ. ಜವರಯ್ಯನವರು ಎರಡು ದಿನದಿಂದ ಅಭ್ಯಾಸಕ್ಕೆ ಬಂದಿಲ್ಲ. ಕಾರ್ಯಕ್ರಮದಲ್ಲಿ ಊದುತ್ತಾರಂತೆ, ಹಾಡುವುದಿಲ್ಲವಂತೆ. ಆ ಹಾಡನ್ನು ಪಟ್ಟಿಯಿಂದ ತೆಗೆದುಬಿಡಿ ಎಂದಿದ್ದಾರೆ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಅಂಥ ಉನ್ನತ ಮಟ್ಟದ ಚರ್ಚೆಯನ್ನು ಕೇಳಿದ ಮೇಲೂ ಹೀಗೇಕೆ ಎಂದು ಯಜಮಾನರನ್ನು ಕೇಳಿದೆ. ಅವರು ಬಟಾಣಿ ಸುಲಿಯುತ್ತಿದ್ದರು. “ಚೀಟಿ ಎತ್ತಿದ್ದು ಅದರ ಹಿಂದಿನ ಭಾನುವಾರ ಕಣೇ,” ಎಂದರು. “ನಾನು ರೆಕಾರ್ಡ್ ಮಾಡಿದ್ದು ಚರ್ಚೆ ಮಾತ್ರ. ಚೀಟಿ ವಿಷಯ ಅವರಿಗೆ ಹೆಂಗೆ ಗೊತ್ತಾಗ್ಬೇಕು?”

ಚರ್ಚೆಯಲ್ಲಿ ಆಡಿದ್ದು ಆಡಿದವರ ಮನಸ್ಸಲ್ಲ ಎಂಬುದು ನನಗೆ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ತಿಳಿಯದವರೂ ಜಗತ್ತಿನಲ್ಲಿ ಇದ್ದಾರೆಂಬುದೇ ಹೊಳೆದಿರಲಿಲ್ಲ. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಹಾಡಿ, ಹೇಗಿದೆಯೆಂದು ಅಂಜುತ್ತಾ ಕೇಳಿದ್ದ. ನಾನು ಅವನಿಗೆ, ಹಾಡಬೇಡ ಎಂಬ ಮಾತನ್ನೂ ಅದಕ್ಕೆ ಬಿದ್ದ ಚಪ್ಪಾಳೆಯನ್ನೂ ಡಬ್ಬಿಯ ಸದ್ದಿನೊಂದಿಗೆ ಕಳಿಸಿಕೊಟ್ಟಿದ್ದೆ.

ಮಂಜುಳಾಗೆ ಹೇಳಿದಾಗ ಅವಳು ಬೈಯಲಿಲ್ಲ. ಅಂಗಡಿಯ ಷಟರ್ ಎಳೆದು ಸ್ಕೂಟರ್ ತಂದು ನಿಲ್ಲಿಸಿ, ಹಿಂದೆ ಕೂತ್ಕೊಳ್ಳಿ ಎಂದಳು. ದಟ್ಟಗಳ್ಳಿಯಿಂದ ಕೆಸರೆಗೆ ಊರನ್ನು ಅಡ್ಡಲಾಗಿ ಸೀಳಿಕೊಂಡು ಹೋಗಬೇಕು. ದಾರಿಯುದ್ದಕ್ಕೂ ನಾನು ಕ್ಷಮಾಪಣೆಯ ಭಾಷಣವನ್ನು ಮನಸ್ಸಿನಲ್ಲೇ ಕಟ್ಟಿದೆ. ಪೀಠಿಕೆ ಮುಗಿಯುವಷ್ಟರಲ್ಲಿ ಕೆಸರೆ ಬಂತು.

ಜವರಯ್ಯನವರು ಮನೆಯ ಮುಂದಿನ ನಲ್ಲಿಯ ಬಳಿ ಟ್ರಾಂಬೋನಿನ ಉದ್ದನೆಯ ಕೊಳವೆಗೆ ನೀರು ಬಿಟ್ಟು ತೊಳೆಯುತ್ತಿದ್ದರು. ನಮ್ಮನ್ನು ಕಂಡು ಕೋಪಿಸಿಕೊಳ್ಳಲಿಲ್ಲ. ಕುರ್ಚಿ ತರಿಸಿ, ಹೆಂಡತಿ ಚಿಕ್ಕತಾಯಮ್ಮನವರಿಗೆ ಕಾಫಿ ಹೇಳಿದರು. ಅವರ ಆ ಮರ್ಯಾದೆಯನ್ನು ತಾಳಿಕೊಳ್ಳುವುದೇ ಕಷ್ಟವಾಯಿತು. ನಾನು ಚರ್ಚಾಸ್ಪರ್ಧೆಯೆಂಬ ಪದ್ಧತಿಯ ಉಗಮ, ಚೀಟಿ ಎತ್ತುವುದರ ಹಿಂದಿನ ತತ್ತ್ವ, ನಿಷ್ಪಕ್ಷಪಾತದ ಮಹತ್ತ್ವ ಎಲ್ಲವನ್ನೂ ವಿವರಿಸಿದೆ. ಅವರು ತಲೆಯಾಡಿಸುತ್ತಾ ಕೇಳಿದರು.

“ಅಂಗಾದ್ರೆ ಈ ಯಮ್ಮ ಯೋಳಿದ್ದು ಇವ್ರ ಮನ್ಸಿನ ಮಾತಲ್ಲ?”

ಅಲ್ಲವೇ ಅಲ್ಲ ಎಂದೆ.

“ಆ ರಾಯ್ರು ಒಗಳಿದ್ರಲ್ಲ, ಅದು?”

ಸತ್ಯ ಹೇಳುವುದು ನನ್ನ ವ್ರತ. ಅದೂ ಅಲ್ಲ ಎಂದೆ.

ಕಾಫಿ ತಂದ ಚಿಕ್ಕತಾಯಮ್ಮನವರು ಬಾಗಿಲಲ್ಲೇ ನಿಂತರು. “ಒಬ್ರೂ ನಿಜ ಯೋಳಿಲ್ಲ ಅಂದ್ಮೇಲೆ,” ಎಂದರು, “ಅದ್ನ ಯಾಕವ್ವ ರೆಕಾರ್ಡ್ ಮಾಡ್ಕಂಡು ಕಳ್ಸುದ್ರಿ?”

ಕಾಫಿ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು, ಆದರೆ ಅಭಿಪ್ರಾಯ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಜವರಯ್ಯನವರು ಮಂಜುಳಾಳ ಕಡೆ ತಿರುಗಿದರು. “ಆದ್ರೆ ಒಂದ್ ಮಾತು ಕಣಮ್ಮ. ನಡುವ್ಕೆ ಉಸ್ರು ಕಟ್ಟಾಯ್ತದೆ ಅಂದ್ರಲ್ಲ, ನಾನೂ ಹಾಕ್ಕಂಡು ಕೇಳ್ದೆ. ಕಟ್ಟಾಯ್ತದೆ. ಟ್ರಾಂಬೋನು ಮೇಲ್ ಬೀಳೋದೂ ದಿಟವೇ. ಮನ್ಸಲ್ಲಿ ಇಲ್ದಿದ್ದನ್ನ ಯೋಳಕ್ ಹೋಗಿ ಅದೆಂಗೆ ದಿಟ ಯೋಳ್ಬುಟ್ರಿ?”

ಮಂಜುಳಾ ಸೆರಗಿನ ಅಂಚನ್ನು ಹೊಲಿಗೆ ನೋಡುವವಳಂತೆ ನೋಡುತ್ತಾ ಹೇಳಿದಳು: “ವಿರೋಧ ಅಂತ ಬಂದ್ಬುಡ್ತಲ್ಲ ಅಣ್ಣ, ಏನಾದ್ರೂ ತಪ್ಪು ಸಿಗ್ಬೇಕು ಅಂತ ವಾರವೆಲ್ಲ ಮೆಷಿನ್ ತುಳೀತಾ ಅದೊಂದೇ ಹಾಡು ಕೇಳ್ದೆ. ಎರಡೇ ಸಿಕ್ಕಿದ್ದು. ಮೂರನೇದು ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಮೂರು ಇರ್ಲೇಬೇಕು ಅಂದಿದ್ರು ಮೇಡಂ. ಅದಕ್ಕೆ ಹಾಡೋದೇ ಬೇಡ ಅಂತ ಸೇರಿಸ್ಬುಟ್ಟೆ.”

ಮೂವರೂ ನನ್ನನ್ನು ನೋಡಿದರು. ಮೇಷ್ಟ್ರೇ, ನೀವು ಎಲ್ಲಿದ್ದರೂ ಕ್ಷಮಿಸಿ, ಆ ಕ್ಷಣದಲ್ಲಿ ನಿಮ್ಮ ಎರಡನೆಯ ಸೂತ್ರವನ್ನು ನಾನು ಮನಸಾರೆ ಶಪಿಸಿದೆ.

ಆದರೆ ಜವರಯ್ಯನವರ ಮುಖದಲ್ಲಿ ಏನೋ ಬದಲಾಗಿತ್ತು. ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತಾ ತಮ್ಮ ಕಸುಬಿನ ಮಾತು ತೆಗೆದರು. ಮೂವತ್ತೈದು ವರ್ಷ ಮದುವೆಗಳಲ್ಲಿ ಊದಿದರೂ ಅವರ ಕಿವಿಗೆ ಬಿದ್ದ ಮಾತು ಎರಡೇ: ಜೋರಾಗಿ ಊದ್ರಯ್ಯ ಎಂಬುದೊಂದು, ಸಾಕು ನಿಲ್ಸಿ ಎಂಬುದೊಂದು. ಇಲ್ಲಿ ಚೆನ್ನಾಗಿತ್ತು, ಅಲ್ಲಿ ಕೆಟ್ಟಿತು ಎಂದು ಬೆರಳಿಟ್ಟು ತೋರಿಸಿದವರು ಒಬ್ಬರೂ ಇಲ್ಲ. ಒಂದು ವಾರ ಕೂತು ತಮ್ಮ ಹಾಡೊಂದನ್ನೇ ಕೇಳಿದವರು ಇದ್ದಾರೆಂದು ಅವರಿಗೆ ಈಗ ತಿಳಿದದ್ದು. ಹಾಗೆ ಹೇಳುತ್ತಲೇ ಥಟ್ಟನೆ ನನ್ನನ್ನು ಕೇಳಿದರು: “ಅವ್ರುದ್ದು ಆಯ್ತು. ನಿಮ್ಗೆ ಎಂಗನ್ನಿಸ್ತು ಮೇಡಂ?”

ಒಂದು ಕಡೆಯಿಂದ ನೋಡಿದರೆ ಎಂದು ಆರಂಭಿಸಿದೆ. ಚಿಕ್ಕತಾಯಮ್ಮನವರು ನಕ್ಕುಬಿಟ್ಟರು. ನಾನು ಒಂದೇ ಕಡೆಯಿಂದ ಹೇಳಲು ನಿರ್ಧರಿಸಿ, ಎಲ್ಲರೂ ಉಂಡ ಮೇಲೆ ಕಲಾವಿದರನ್ನು ಕೂರಿಸುವ ಅನ್ಯಾಯದ ವಿರುದ್ಧ ಇದೊಂದು ತೀಕ್ಷ್ಣವಾದ ಪ್ರತಿಭಟನೆ ಎಂದೆ. ಜವರಯ್ಯನವರು ಬಟ್ಟೆಯನ್ನು ಕೆಳಗಿಟ್ಟರು.

“ಅದ್ಕೆ ಬೇರೆ ಪದ ಕಟ್ತಾ ಇವ್ನಿ, ಫಾಸ್ಟ್‌ದು,” ಎಂದರು. “ಇದು ಅದಲ್ಲ. ಮೊದಲ್ನೇ ಪಂಕ್ತೀಲಿ ಕೂತೋರ ಬೆನ್ ಹಿಂದೆ ಎರಡ್ನೇ ಪಂಕ್ತಿಯೋರು ಕುರ್ಚಿ ಹಿಡ್ಕಂಡ್ ನಿಂತಿರ್ತಾರೆ. ಉಣ್ಣಕಾಯ್ತದಾ ಯೋಳಿ. ಕೊನೇ ಪಂಕ್ತೀಲಿ ಬೆನ್ ಹಿಂದೆ ಯಾರೂ ಇರಲ್ಲ. ಅಡ್ಗೆಯೋರೂ ನಮ್ ಪಕ್ಕವೇ ಎಲೆ ಹಾಕ್ಕಂಡು ಕೂತ್ಕತಾರೆ. ಪಾಯ್ಸ ತಳಕ್ ಬಂದು ಗಟ್ಟಿ ಆಗಿರ್ತದೆ, ದ್ರಾಕ್ಷಿ ಗೋಡಂಬಿ ಎಲ್ಲ ತಳದಲ್ಲೇ ಇರ್ತವೆ. ಆ ಖುಷಿ ಪದ ಇದು.”

ಹಾಡಿನ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ದ್ರಾಕ್ಷಿ ಅದರಲ್ಲಿತ್ತು, ಗೋಡಂಬಿಯೂ ಇತ್ತು. ನಾನು ಅವುಗಳನ್ನು ಶೋಷಣೆಯ ರೂಪಕವೆಂದು ತಿಳಿದಿದ್ದೆ. ಚರ್ಚೆಯ ಅಂಶಗಳನ್ನು ಗುರುತು ಹಾಕಿಕೊಳ್ಳಲು ಆ ಹಾಡನ್ನು ಹಲವು ಸಲ ಹಾಕಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ಆ ಮಾತನ್ನೇ ಅವರಿಗೆ ಹೇಳಿ, ಈಗೊಮ್ಮೆ ಹಾಡುತ್ತೀರಾ ಎಂದು ಕೇಳಿದೆ.

ಅವರು ಹೆಂಡತಿಯ ಮುಖ ನೋಡಿದರು, ಬೀದಿಯನ್ನು ನೋಡಿದರು, ಮತ್ತೆ ಒದ್ದೆ ಕೈಯಿಂದ ಮಂಡಿಯನ್ನು ತಟ್ಟಿ, ಎರಡು ತಟ್ಟುಗಳ ನಡುವಿನ ಖಾಲಿಗೆ ಸರಿಯಾಗಿ ತಲೆಯಾಡಿಸುತ್ತಾ ಶುರುಮಾಡಿದರು. ಎರಡನೆಯ ಚರಣ ಬಂತು. ಉಸಿರನ್ನು ಪದಕ್ಕೆ ಮೊದಲೇ ತೆಗೆದರು. ಮಂಜುಳಾ ಕೈಯೆತ್ತಿ ನಿಲ್ಲಿಸಿ, ಇಲ್ಲಲ್ಲ ಅಣ್ಣ, ‘ಎಲೆ’ ಅಂದ್ಮೇಲೆ ಉಸಿರು ತಗೊಳ್ಳಿ ಎಂದಳು. ಅವರು ಎಲೆ ಎಂದ ಮೇಲೆ ತೆಗೆದುಕೊಂಡರು. ಪದ ಇಡಿಯಾಗಿ ನಿಂತಿತು. ಅದನ್ನೇ ನಾಲ್ಕು ಸಲ ಹಾಡಿದರು. ಎದುರು ಮನೆಯವರು ಬಟ್ಟೆ ಒಣಗಿಸುವುದನ್ನು ನಿಲ್ಲಿಸಿದರು.

ಹೊರಡುವಾಗ ಜವರಯ್ಯನವರು ತಮ್ಮ ಷರತ್ತನ್ನು ತಿಳಿಸಿದರು. ಕಾರ್ಯಕ್ರಮದಲ್ಲಿ ಹಾಡುತ್ತಾರೆ. ಆದರೆ ಅದಾದ ಮೇಲೆ ಕೇಳಿದವರು ಅವರ ಮುಂದೆ ಬಂದು ನಿಂತು ಹೇಳಬೇಕು. ಚೀಟಿ ಎತ್ತಿ ಅಲ್ಲ, ರೆಕಾರ್ಡ್ ಮಾಡಿಯೂ ಅಲ್ಲ. ನಾನು ಒಪ್ಪಿದೆ. ಇದನ್ನು ಒಂದು ನಿರ್ಣಯವಾಗಿ ಬಳಗದಲ್ಲಿ ಮಂಡಿಸಬೇಕೆಂಬ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಮಂಜುಳಾ ಸ್ಕೂಟರ್ ಸ್ಟಾರ್ಟ್ ಮಾಡಿದ್ದರಿಂದ ಅದು ಅಲ್ಲೇ ಉಳಿಯಿತು.

ಕಾರ್ಯಕ್ರಮ ಭಾನುವಾರ ನಾಲ್ಕು ಗಂಟೆಗೆ. ಹಳೆಯ ಆಲ್ಬಮ್ಮಿನ ವೇಗದ ಹಾಡುಗಳಿಗೆ ಜನ ಎದ್ದು ಕುಣಿದರು, ಹೊಸದಕ್ಕೆ ಕೂತು ತೂಗಿದರು. ಕೊನೆಯಲ್ಲಿ ಜವರಯ್ಯನವರು ಟ್ರಾಂಬೋನನ್ನು ಸ್ಟ್ಯಾಂಡಿನ ಮೇಲಿಟ್ಟು ಮೈಕಿನ ಮುಂದೆ ಬಂದರು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟಿದರು, ಒಮ್ಮೆ ಮುಂದೆ. ಮೊದಲ ಸಾಲು ನಡುಗಿತು. ಮಂಜುಳಾ ಪಕ್ಕದಲ್ಲಿ ನನ್ನ ಮೊಣಕೈಯನ್ನು ಹಿಡಿದುಕೊಂಡಿದ್ದಳು. ಎರಡನೆಯ ಚರಣದಲ್ಲಿ ಅವರ ಉಸಿರು ಸರಿಯಾದ ಜಾಗಕ್ಕೆ ಬಂದಾಗ ತಾನೂ ಉಸಿರೆಳೆದಳು. ಆಮೇಲೆ ಅವರು ನಡುಗಲಿಲ್ಲ. ಪಾಯಸ ತಳಕ್ಕೆ ಬಂದ ಸಾಲನ್ನು ಹೇಳುವಾಗ ತಮ್ಮಷ್ಟಕ್ಕೇ ನಕ್ಕರು. ರಂಗಮಂದಿರದ ಕಲ್ಲು ಮೆಟ್ಟಿಲುಗಳ ಮೇಲೆ ಕೂತಿದ್ದವರೂ ನಕ್ಕರು.

ಮುಗಿದ ಮೇಲೆ ಅವರು ವೇದಿಕೆಯಿಂದ ಇಳಿದು, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನೇರವಾಗಿ ನಮ್ಮ ಬಳಗದತ್ತ ಬಂದರು. ಮೊದಲು ಸಿಕ್ಕವರು ರಂಗನಾಥರಾಯರು. ರಾಯರು ಸಂಕಟದಿಂದ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

“ನಿಜ ಹೇಳ್ಬೇಕೂಂದ್ರೆ,” ಎಂದರು ರಾಯರು, “ನನಗೆ ಸ್ವಲ್ಪ ನಿದ್ದೆ ಬಂತು ಕಣ್ರೀ.”

ಜವರಯ್ಯನವರ ಕಣ್ಣು ಅರಳಿತು. “ಎಲ್ ಬಂತು ಸ್ವಾಮಿ? ಯಾವ್ ಸಾಲಲ್ಲಿ?”

ರಾಯರು ಯೋಚಿಸಿ, ಮೂರನೆಯ ಚರಣದ ಆರಂಭದಲ್ಲಿ ಎಂದರು. ಅಲ್ಲಿ ಬೇಸ್ ಸುಮ್ಮನಾಗುತ್ತದೆ, ವಿನಯ್‌ಗೆ ಹೇಳಬೇಕು ಎಂದು ಜವರಯ್ಯನವರು ತಲೆದೂಗಿದರು. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಆ ಚರಣವನ್ನು ಎರಡು ಸಲ ಹೇಳಿ ನೋಡಿದರು. ನಿಧಾನದ ಹಾಡು ಕಂಡರಾಗದ ರಾಯರು ಬೆರಳಲ್ಲಿ ತಾಳ ಹಾಕುತ್ತಿದ್ದರು. ಯೋಗದವರು, ವಿದ್ಯಾರ್ಥಿನಿಯರು, ಬಸ್ಸಿನ ನಂಬರಿನವರು ಒಬ್ಬೊಬ್ಬರಾಗಿ ಬಂದು ತಮಗನ್ನಿಸಿದ್ದನ್ನು ಹೇಳಿದರು. ಮಂಜುಳಾಗೆ ಹೇಳಲು ಏನೂ ಉಳಿದಿರಲಿಲ್ಲ, ಟವೆಲು ಮಡಿಸಿಕೊಟ್ಟಳು.

ಕೊನೆಗೆ ಅವರು ನನ್ನ ಮುಂದೆ ಬಂದು ನಿಂತರು.

ನಾನು ಬಾಯಿ ತೆರೆದೆ. ಪೀಠಿಕೆ ಇರಲಿಲ್ಲ. ಎರಡು ಕಡೆಗಳು ಇರಲಿಲ್ಲ. ಒಳಗೆ ಹುಡುಕಿದರೆ ಸಿಕ್ಕಿದ್ದು ಒಂದೇ ಒಂದು, ಅದೂ ಆಧಾರವಿಲ್ಲದ್ದು.

“ಹಸಿವಾಯ್ತು ಜವರಯ್ಯನವರೇ,” ಎಂದೆ.

ಅವರು ವೇದಿಕೆಯ ಮೇಲೆ ತಂತಿ ಸುತ್ತುತ್ತಿದ್ದ ವಿನಯ್‌ನನ್ನು ಕೂಗಿದರು: “ಲೋ ವಿನಯಾ, ಮೇಡಂಗೆ ಅಸಿವಾಯ್ತಂತೆ ಕಣೋ. ಪದ ಸರ್ಯಾಗೇ ಅದೆ, ಮುಟ್ಬ್ಯಾಡ ಅದ್ನ.”